ಅರ್ಧ ಸಾಲು ಮುಂದ

ಯಾದಗಿರಿ ಸ್ಟೇಷನ್ ಹಿಂದಿನ ಟಾಕೀಜಿನಾಗ
ಮಧ್ಯಾಹ್ನದ ಆಟ. ಇಪ್ಪತ್ತೇಳು ಮಂದಿ.
ಎಣಿಸೂದು ಹಳೀ ಚಟ. ಪರದಾ ಸಂದಿಲಿಂದ ಇಣಿಕಿ
ಮಾಲಕರಿಗೆ ಹೇಳಬೇಕಿತ್ತು
ಇವತ್ತ ಪಗಾರ ಅದನೋ, ಬರೇ ಅನ್ನ ಸಾರೋ.

ನಮ್ಮ ನಾಟಕ ಸಿನಿಮಾ ಆಗ್ಯಾದ.
ನಮ್ಮದು ಅಂದ್ರ, ಬರದಾವ ಬ್ಯಾರೆ, ರೊಕ್ಕಾ ಹಾಕಿದಾವ ಬ್ಯಾರೆ,
ಹಾಡಿದಾಕಿ ನೀಲಾಬಾಯಿ ಹಲಕರ್ಟಿ.
ನಾ ಪ್ರಾಂಪ್ಟರ್. ವಿಂಗಿನಾಗ ಕಂದೀಲ ಹಿಡಕೊಂಡು
ಹತ್ತೊಂಬತ್ತು ವರ್ಷ
ಎಲ್ಲಾರ ಮಾತು ಅವರಕಿಂತ ಅರ್ಧ ಸಾಲು ಮುಂದ ಆಡಿದಾವ.
ಹೆಸರು ಮೋನಪ್ಪ. ನಗಬ್ಯಾಡ್ರಿ,
ತಿಂಥಣಿಗೆ ಹರಕಿ ಹೊತ್ತು ಇಟ್ಟದ್ದು.
ನನ್ನ ದನಿ ಮೂರು ಮಾರಿನಾಚಿಗೆ ಕೇಳಿಲ್ಲ.
ಕೇಳಿದ್ರ ನೌಕರಿ ಹೋಗ್ತಿತ್ತು.

ಸಿನಿಮಾದಾಗ ಖರೇನ ಕ್ವಾಟಿ, ಖರೇನ ಕುದರಿ.
ನಮ್ಮ ಕ್ವಾಟಿ ಎರಡು ಪರದಾ, ಒಂದಕ್ಕ ತೂತು.
ಕುದರಿ ಅಂದ್ರ ಎರಡು ತೆಂಗಿನ ಚಿಪ್ಪು, ನನ್ನ ತೊಡಿ ಮ್ಯಾಲ.
ಮೂವತ್ತೆಂಟು ಹಾಡಿನಾಗ ಐದು ಉಳಿಸ್ಯಾರ.

ಮೂರನೇದರಾಗ ಗೂಡ್ಸ್ ಬಂತು. ತಗಡು ನಡುಗಿತು.
ಇದೇ ಹಳಿ ಪಕ್ಕ ನಮ್ಮ ತಂಬು ಇದ್ದಾಗ
ನೀಲಾಬಾಯಿ ಸ್ವರ ಹಿಡದು ನಿಂದ್ರತಿದ್ದಳು
ಐವತ್ತೆರಡು ಡಬ್ಬಿ ದಾಟೂತನಕ,
ಕಾಲ್ಪೆಟಗಿ ಮಾಸ್ತರ ತುಳದು ತುಳದು ಬೆವತು ಹೋಗೂತನಕ.
ಕಡೀ ಡಬ್ಬಿ ಹೋದಮ್ಯಾಲ ಇಳಸ್ತಿದ್ದಳು
ಮಲಗಿದ ಕೂಸಿನ್ನ ತೊಟ್ಟಲಕ್ಕ ಇಳಿಸಿದಂಗ.
ಪರದಾ ಮ್ಯಾಲಿನ ರಾಣಿ ಕಾಯಲಿಲ್ಲ.
ಬಾಯಿ ತೆರೀತು, ಮುಚ್ಚಿತು.
ಹಾಡು ರೈಲು ಹತ್ತಿ ವಾಡಿಗೆ ಹೋಯ್ತು.

ಕತ್ತಲಾದ್ರ ನನ್ನ ತುಟಿ ತಾವೇ ಹೊಂಡತಾವ.
ಮುಂದಿನ ಖುರ್ಚಿ ಹುಡುಗ ತಿರುಗಿದ:
‘ಅಜ್ಜಾ, ಸುಮ್ಮ ಕೂಡು. ಆಕಿಗೇನು ಬಾಯಿಲ್ಲೇನು?’
ಅದ, ತಮ್ಮಾ. ಒಮ್ಮೆ ಅಂದದ್ದು ಸೆರಿ ಹಿಡದು ಇಟ್ಟಾರ.
ಮರೀಬೇಕಂದ್ರೂ ಮರೆಯಂಗಿಲ್ಲ ಆಕಿ.

ಆಮ್ಯಾಲ ಬಂತು ಅಗಸಿ ಪ್ರವೇಶ.
ವೈರಿ ದಂಡು ಅಗಸಿ ಬಡೀತದ,
ಸೇನಾಪತಿ ಕೇಳ್ತಾನ, ಅಪ್ಪಣೆಯೇನು ತಾಯಿ?

ಗುರುಮಿಠಕಲ್ ಕ್ಯಾಂಪಿನಾಗ ಇದೇ ಜಾಗಾದಾಗ
ಗಾಳಿಗೆ ನನ್ನ ಕಂದೀಲ ಆರಿತ್ತು.
ನೀಲಾಬಾಯಿಗೆ ಮಾತು ಮರತಿತ್ತು.
ಪುಸ್ತಕದಾಗ ಇದ್ದದ್ದು ಅರ್ಧ ಪುಟ,
ನೆತ್ತರ, ಖಡ್ಗ, ಸೂರ್ಯ, ಚಂದ್ರ.
ನನಗ ಒಂದಕ್ಷರ ಕಾಣವಲ್ತು.
ಕೊಡಬೇಕಲ್ಲ, ಏನರೆ.
ಸರಿರಾತ್ರಿ ಯಾರರೆ ಕದಾ ಬಡದ್ರ
ನಮ್ಮವ್ವ ರೊಟ್ಟಿ ಬುಟ್ಟಿಗೆ ಕೈ ಹಾಕಿ ಅನ್ನೂ ಮಾತು ಬಾಯಿಗೆ ಬಂತು.
ಕೊಟ್ಟೆ. ಆಕಿ ತಗೊಂಡು ಅಂದೇಬಿಟ್ಟಳು:
‘ಹಸದು ಬಂದಿರಬೇಕು. ಕದಾ ತಗೀರಿ.’

ತಂಬು ತುಂಬ ಒಂದು ಕೆಮ್ಮಿಲ್ಲ.
ಎಷ್ಟೋ ಹೊತ್ತಿನ ಮ್ಯಾಲ ಚಪ್ಪಾಳಿ.
ಮಾಲಕರು ಒಂದೂವರಿ ರೂಪಾಯಿ ಪಗಾರ ಮುರದ್ರು,
ಮರುದಿನ ಕೆಂಪು ಪೆನ್ಸಿಲ್ ಕೊಟ್ಟು
ಪುಸ್ತಕದಾಗ ಆ ಸಾಲು ಬರಸಿದ್ರು. ನನ್ನ ಕೈಲೇ.

ಈಗ ನೋಡ್ರಿ, ಮನಿಯಷ್ಟು ದೊಡ್ಡ ಮಾರಿ,
ಹುಬ್ಬಿನ ಕೂದಲಾ ಒಂದೊಂದು ಎಣಿಸಬಹುದು,
ಶುದ್ಧ ಕನ್ನಡದಾಗ ಅಂದಳು:
‘ಹಸಿದು ಬಂದಿರಬೇಕು. ಬಾಗಿಲು ತೆಗೆಯಿರಿ.’
ನನ್ನ ತುಟಿ ಹಿಂದ ಉಳದವು.
ಸಾವಿರ ಕುದರಿ ತೋರಿಸಿದ್ರು.
ರೊಟ್ಟಿ ಬುಟ್ಟಿ ತೋರಿಸಲಿಲ್ಲ.

ಹುಡುಗ ಮತ್ತ ತಿರುಗಿದ:
‘ಯಾಕ ಅಜ್ಜಾ, ಸುಮ್ಮಾದಿ? ಮುಂದ ಏನಂತಾಳ?’

ಮುಂದ ಹಾಡ್ತಾಳ. ಹಾಡಿ ಸಾಯ್ತಾಳ.
ಶಹಾಪುರದಾಗ ನೀಲಾಬಾಯಿ ಒಂದೇ ರಾತ್ರಿ ನಾಕು ಸಲ ಸತ್ತಾಳ.
ಮಂದಿ ಕೂಗಿದಾಗೊಮ್ಮೆ ಹೆಣ ಎದ್ದು ಕುಂತು
ಸೆರಗು ಸರಿ ಮಾಡಿ, ಹಾಡಿ, ಮತ್ತ ಮಲಗೂದು.
ಐದನೇ ಸಲಕ್ಕ ಒಂದು ಕಣ್ಣು ತೆರದು
‘ಮೋನ್ಯಾ, ಪರದಾ ಬಿಡೋ, ಹೊಟ್ಟಿ ಹಸದಾದ’ ಅಂದಿದ್ದಳು.

ಇಲ್ಲಿ ರಾಣಿ ಸತ್ತಳು. ಚಂದ ಸತ್ತಳು, ಸುಳ್ಳ್ಯಾಕ.
ನಾ ಬಗ್ಗಿ ಹುಡುಗನ ಕಿವ್ಯಾಗ
ಮೂರು ಮಾರಿನಾಚಿಗೆ ಕೇಳಬಾರದ ದನಿಲೆ ಅಂದೆ:
‘ಒನ್ಸ್ ಮೋರ್ ಅನ್ನು.’
ಹುಡುಗ ಕೂಗಿದ. ಹಿಂದ ಯಾರೋ ನಕ್ಕರು.
ಆಕಿ ಏಳಲಿಲ್ಲ.
ಹೆಸರು ಏರತಾ ಹೋದವು ಪರದಾ ಮ್ಯಾಲ, ಬಡಗಿದು, ಟೇಲರಂದು,
ಕುದರಿ ಕಾಯಾವಂದೂ.
ಹುಡುಗ ಮತ್ತ ಕೂಗಿದ.
ಈ ಸಲ ನಾ ಹೇಳಿಕೊಟ್ಟಿರಲಿಲ್ಲ.