ಎಡಗೈ

ಬಿದ್ದಿದ್ದೆಯಾ ಅಂತಲೇ ಕೇಳುತ್ತಾರೆ ಎಲ್ಲರೂ.
ಇಲ್ಲ. ಬೀಳಲಿಲ್ಲ, ಯಾರೂ ಸಾಯಲಿಲ್ಲ,
ಗಂಡ ಬೇಡ ಎನ್ನಲಿಲ್ಲ; ಓತಾನಿಗೆ ಹಿಂದಿನ ಸೀಟೆಂದರೆ ಇಷ್ಟ.
ಒಂದು ಚಳಿಗಾಲ ಬ್ಯಾಟರಿ ಸತ್ತಿತು.
ಹಿಮ ಕರಗಲಿ, ಹೊಸದು ತರೋಣ ಎಂದುಕೊಂಡೆ.
ಹಿಮ ಕರಗಿತು. ಮಗಳಿಗೆ ಸೀತಾಳೆ ಎದ್ದಿತು.
ಹೀಗೆ ಇಪ್ಪತ್ತೇಳು ವರ್ಷ.
ಹೇಳಿದರೆ ಯಾರಿಗೂ ಸಮಾಧಾನವಿಲ್ಲ,
ಒಂದು ಮುರಿದ ಮೂಳೆಯಾದರೂ ಬೇಕು ಅವರಿಗೆ.

ಭಾವ ಲುಬೋರನ ಕೊಟ್ಟಿಗೆಯಲ್ಲಿ
ಆಲೂಗಡ್ಡೆ ಮೂಟೆಗಳ ಹಿಂದೆ ಇತ್ತು.
ಸೀಟಿನ ಮೇಲೆ ಕೋಳಿ ಕಾವು ಕೂತ ಗುಂಡಿ.
ಉಗುರಿನಿಂದ ಕೆರೆದೆ: ಅಡಿಯಲ್ಲಿ ಕೆಂಪು.
ಜಾವಾ.
ಒದೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರು,
ಎಬ್ಬಿಸಿದ ಕಾಲೇ ಓಡಿಸಲೂ ಬೇಕು.
"ಮಾರಿಬಿಡು, ದ್ರಾಹಾ. ಹಳೇ ಗಾಡಿ ಕೂಡಿಡುವ ಹುಚ್ಚರಿದ್ದಾರೆ,
ಒಳ್ಳೇ ದುಡ್ಡು ಕೊಡುತ್ತಾರೆ."
ಹುಚ್ಚರ ಪೈಕಿ ನನ್ನನ್ನು ಅವನು ಎಣಿಸಿರಲಿಲ್ಲ.

ಹಲ್ಲಿನ ಸೆಟ್ಟು ಕಟ್ಟುವುದು ನನ್ನ ಕಸುಬು.
ದಾಚಿತ್ಸೆಯ ಅರ್ಧ ಊರು
ನಾನು ಕೂರಿಸಿದ ಹಲ್ಲಿನಲ್ಲೇ ನಗುತ್ತದೆ.
ಕೂದಲೆಳೆಯಷ್ಟು ಎತ್ತರವಾದರೂ
ಮೊದಲ ತುತ್ತಿಗೇ ಜಗಳಕ್ಕೆ ಬರುತ್ತಾರೆ.
ಕಾರ್ಬ್ಯುರೇಟರ್ ಬಿಚ್ಚಿ, ಅದೇ ಮೇಜಿನ ಮೇಲೆ,
ಪ್ಲಾಸ್ಟರ್ ದವಡೆಗಳ ಪಕ್ಕ ಹರವಿ
ಅದೇ ಸಣ್ಣ ಬ್ರಷ್ಷಿನಿಂದ ತೊಳೆದೆ.
ದವಡೆಗಳು ಬಾಯಿ ತೆರೆದು ನೋಡಿದವು.

ಮೊದಲ ದಿನವೇ ಬಿದ್ದೆ. ಓಡುವಾಗಲ್ಲ, ನಿಂತಾಗ.
ಪೆಟ್ರೋಲ್ ಬಂಕಿನಲ್ಲಿ, ಐದು ಜನ ನೋಡುತ್ತಿರುವಾಗ
ಗಾಡಿ ನಿಧಾನಕ್ಕೆ, ತೀರಾ ನಿಧಾನಕ್ಕೆ,
ಮೇವು ಮುಗಿಸಿದ ಹಸುವಿನ ಹಾಗೆ ಮಲಗಿತು.
ಒಬ್ಬ ಓಡಿಬಂದು ಎತ್ತಿಕೊಟ್ಟ.
"ಹುಷಾರು, ಹುಡುಗೀ" ಎಂದ.
ಹೆಲ್ಮೆಟ್ಟಿನೊಳಗಿನ ಐವತ್ತೆಂಟು ಅವನಿಗೆ ಕಾಣಲಿಲ್ಲ.
ನನಗೆ ಅವನ ಮೇಲಿನ ಸಾಲು ಕಂಡಿತು:
ನನ್ನದೇ ಕೆಲಸ, ಹತ್ತು ವರ್ಷ ಹಿಂದಿನದು,
ಇನ್ನೂ ಗಟ್ಟಿಯಾಗಿದೆ.

ಆಮೇಲೆ ಚೆರ್ರಿ ಮರಗಳ ರಸ್ತೆ.
ದಿನಾ ಕಾರಿನಲ್ಲಿ ಹೋಗುವುದೂ ಇದೇ ರಸ್ತೆಯಲ್ಲಿ
ಎಂದು ನಂಬಿದ್ದೆ.
ಸಾಮಿಲ್ಲಿನ ಹಸಿ ಹೊಟ್ಟು, ಹಂದಿ ಗೊಬ್ಬರ,
ಹಳದಿ ಹೊಲದ ಕಮಟು ಎಣ್ಣೆವಾಸನೆ,
ಕೆರೆಯ ತಗ್ಗಿಗೆ ಇಳಿದರೆ ಮೊಣಕಾಲು ತಣ್ಣಗೆ,
ದಿಬ್ಬ ಏರಿದರೆ ಕುತ್ತಿಗೆ ಬೆಚ್ಚಗೆ.
ಗಾಳಿಗೂ ಮೆಟ್ಟಿಲಿರುತ್ತದೆ. ಮರೆತೇ ಹೋಗಿತ್ತು.

ತೊಡೆಗಳಿಗೆ ಎಲ್ಲ ನೆನಪಿತ್ತು.
ಹೊಸದೆಂದರೆ ಭಯ. ಮೂವತ್ತರಲ್ಲಿ ಅದು ನನ್ನ ಬಳಿ ಇರಲಿಲ್ಲ.
ಹಿಂದೆ ಕೂರಿಸಿಕೊಂಡೆ.
ಪ್ರತಿ ತಿರುವಿನಲ್ಲೂ ತಪ್ಪು ಕಡೆಗೆ ವಾಲುತ್ತದೆ,
ಸೊಂಟ ಮಾತ್ರ ಬಿಡುವುದಿಲ್ಲ.

ಎದುರಿಂದ ಬಂದ ಸವಾರನೊಬ್ಬ
ಎಡಗೈ ಇಳಿಬಿಟ್ಟು ಎರಡು ಬೆರಳು ಚಾಚಿದ.
ಗುರುತಿರದವರು ಗುರುತಿರದವರಿಗೆ ಹೇಳುವ ನಮಸ್ಕಾರ.
ನನ್ನ ಎಡಗೈ ಹ್ಯಾಂಡಲ್ ಬಿಡಲೊಲ್ಲದು.
ತಲೆ ಆಡಿಸಿದೆ. ಹೆಲ್ಮೆಟ್ಟಿನ ಭಾರಕ್ಕೆ
"ಇಲ್ಲ, ನಾನಲ್ಲ" ಎಂದಂತೆ ಕಂಡಿರಬೇಕು.

ರಾತ್ರಿ ಅಡುಗೆಮನೆ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ
ಕಾಲು ಅಗಲಿಸಿ ಕೂತು ಅಭ್ಯಾಸ ಮಾಡಿದೆ.
ಬಿಡು. ಇಳಿಸು. ಎರಡು ಬೆರಳು. ಹಿಡಿ.
ಸೂಪು ಕಲಕುತ್ತಿದ್ದ ಓತಾ ತಿರುಗಿ ನೋಡಿದ:
"ಕೈ ಜುಮ್ಮೆನ್ನುತ್ತಿದೆಯಾ?"

ಭಾನುವಾರ ಮತ್ತೊಬ್ಬ ಬಂದ. ಬಿಟ್ಟೆ, ಇಳಿಸಿದೆ, ಚಾಚಿದೆ,
ಅಷ್ಟರಲ್ಲಿ ಅವನು ದಾಟಿಹೋಗಿದ್ದ.
ನನ್ನ ಎರಡು ಬೆರಳು ಖಾಲಿ ತಿರುವಿಗೆ
ಏನೋ ವಿವರಿಸುತ್ತಿದ್ದವು.
ತಿರುವಿನೊಳಗಿಂದ ಬಂತು ಟ್ರ್ಯಾಕ್ಟರು,
ಹುಲ್ಲಿನ ಉಂಡೆ ಹೇರಿಕೊಂಡು.
ಓಡಿಸುತ್ತಿದ್ದ ಹುಡುಗ ಗಲಿಬಿಲಿಗೊಂಡು
ಟೋಪಿ ಸರಿಸಿ, ತಾನೂ ಕೈಯೆತ್ತಿ, ನಕ್ಕ.

ಹಲ್ಲು ನನ್ನವಲ್ಲ.
ಅವನವೇ, ಎಲ್ಲವೂ.