ಏನು ಕೇಳಲಿ ಎಂದು ಕೇಳಿದವನಿಗೆ

ಏನು ಕೇಳಲಿ ಅಂತ ನೀನು ಕೇಳಿದೆ, ಶಫೀಕ್.
ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು:
ಬೇಡುವವನೂ ಕೇಳುತ್ತಾನೆ,
ಸುಮ್ಮನೆ ಮಲಗಿದವನೂ ಕೇಳುತ್ತಾನೆ.

ರಾಜಾಜಿನಗರದ ಈ ಎರಡನೇ ಮಹಡಿಯಲ್ಲಿ
ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ.
ಎಡಗೈ ಮೆಷಿನ್ನಿನದು, ಅಲ್ಲಾಡಿಸುವಂತಿಲ್ಲ.
ಪೇಪರ್ ಮಡಚಲು ಎರಡು ಕೈ ಬೇಕು.
ಕಿವಿಗೆ ಏನೂ ಬೇಡ.

ಮೊದಲು ಚರಿತ್ರೆಯದು ಹಾಕು.
ಒಬ್ಬರು ಮೇಷ್ಟ್ರಿದ್ದಾರೆ, ಮೂಗಿನಲ್ಲಿ ಮಾತು,
ನಡುವೆ ಅವರ ಮನೆಯ ಕುಕ್ಕರ್ ಕೂಗುತ್ತದೆ, ಹಾಗೇ ಬಿಟ್ಟಿದ್ದಾರೆ.
ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕೆರೆಯಾಗಿತ್ತು ಅಂದರು ಒಂದು ದಿನ.
ಧರ್ಮಾಂಬುಧಿ.
ಇಪ್ಪತ್ತೆರಡು ವರ್ಷ ಬಾಗಿಲಿಗೆ ಜೋತು
ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತ ಕೂಗಿದವಳು ನಾನು,
ನೀರನ್ನು ಕರೆಯುತ್ತಿದ್ದೆ ಅಂತ ಯಾರೂ ಹೇಳಲಿಲ್ಲ.

ಧರ್ಮದ್ದು ಮನೆಯಲ್ಲಿ ಹಾಕಬೇಡ,
ಮಧ್ಯಾಹ್ನವಂತೂ ಬೇಡವೇ ಬೇಡ.
ಇಬ್ಬರು ಕೂತು ಜಗಳವಿಲ್ಲದೆ ವಾದಿಸುತ್ತಾರೆ, ಚೆನ್ನಾಗಿದೆ,
ಆದರೆ ಆ ನೀರಿನ ಕಂತು!
ತೀರ್ಥವಂತೆ, ವುಜೂವಂತೆ, ನೆತ್ತಿಗೆ ಸುರಿಯುವ ದೀಕ್ಷಾಸ್ನಾನವಂತೆ,
ಯಾವ ದೇವರ ಬಾಗಿಲಿಗೆ ಹೋದರೂ ಮೊದಲು ತಂಬಿಗೆ.
ನಮಗೆ ಡಾಕ್ಟರು ಬರೆದಿರುವುದು ದಿನಕ್ಕೆ ಮುಕ್ಕಾಲು ಲೀಟರು,
ಸಾರು ಮಜ್ಜಿಗೆ ಸೇರಿ.
ನಿನಗೆ ರೋಜಾ ಇಟ್ಟು ಅಭ್ಯಾಸವಿರಬಹುದು.
ನನ್ನದು ಶನಿವಾರದ ಒಪ್ಪತ್ತು, ಅದರಲ್ಲೂ ಕಾಫಿ ಇತ್ತು.
ಅವತ್ತು ಐಸ್ ತುಂಡೊಂದನ್ನು ನಾಲಿಗೆಯ ಕೆಳಗಿಟ್ಟು
ಪೂರ್ತಿ ಕೇಳಿದೆ.
ಅದು ಕರಗುವವರೆಗೆ ನಾನು ಭಕ್ತೆಯೇ.

ವಿಜ್ಞಾನಕ್ಕೆ ಒಬ್ಬಳು ಹುಡುಗಿ,
ನಿನ್ನ ವಯಸ್ಸಿರಬೇಕು, ಗಡಿಬಿಡಿ ಮಾತು.
ಪರೆಯ ಈಚೆ ಗಿಜಿಗಿಜಿ, ಆಚೆ ಖಾಲಿ,
ಇದ್ದದ್ದು ತಾನಾಗಿಯೇ ಆಚೆಗೆ ಜರುಗುತ್ತದಂತೆ, ಯಾರೂ ತಳ್ಳದೆ.
ಸುಳ್ಳು ಅನ್ನಿಸಿತು.
ಒಳಗ್ ಹೋಗ್ರೀ, ಹಿಂದೆ ಖಾಲಿ ಇದೆ ಅಂತ
ಗಂಟಲು ಹರಿದುಕೊಂಡರೂ ಜನ ಜರುಗಿದ್ದುಂಟೆ?
ಆಮೇಲೆ ತಲೆಯೆತ್ತಿ ಈ ದಪ್ಪ ಕೊಳವೆ ನೋಡಿದೆ.
ಒಳಗೆ ನನ್ನ ರಕ್ತದ ಕೊಳೆ
ಒಬ್ಬರ ಕಾಲನ್ನೂ ತುಳಿಯದೆ ಇಳಿದು ಹೋಗುತ್ತಿತ್ತು.

ಮೂರನೇ ಗಂಟೆಗೆ ಮೀನಖಂಡ ಹಿಡಿಯುತ್ತದೆ.
ಚಿಕ್ಕತಾಯಮ್ಮಾ, ಕಾಲು ಚಾಚಿ ಅಂತ
ಲಿನ್ಸಿ ಸಿಸ್ಟರ್ ಬರುವಷ್ಟರಲ್ಲಿ ಅರ್ಥಶಾಸ್ತ್ರ ಹಾಕು,
ನೋವಿಗೆ ಅದೇ ಸರಿ, ಅರ್ಧ ಅರ್ಥವಾಗುವುದಿಲ್ಲ.
ದುಡ್ಡು ಅಂದರೆ ಕೊಟ್ಟ ಮಾತು, ಅಷ್ಟೇ, ಅಂದರು ಅದರಲ್ಲಿ.
ಅಲ್ಲೇ ನಿಲ್ಲಿಸಿದೆ.
ಟಿಕೆಟ್ಟಿನ ಬೆನ್ನಿಗೆ ಎಷ್ಟು ಬರೆದುಕೊಟ್ಟಿದ್ದೇನೆ!
ಮೂರು ರೂಪಾಯಿ, ಹದಿನಾಲ್ಕು, ಒಮ್ಮೆ ಎಂಬತ್ತೆರಡು.
ಇಳಿಯುವಾಗ ಇಸ್ಕೊಳ್ಳಿ ಅಂದದ್ದು,
ಅವರು ಮರೆತು ನವರಂಗ್‌ನಲ್ಲಿ ಇಳಿದದ್ದು,
ನಾನು ಕರೆಯದೆ ರೈಟ್ ರೈಟ್ ಅಂದದ್ದು.
ಎಲ್ಲ ದಿನ ಅಲ್ಲ. ಕೆಲವು ದಿನ.
ಮಗಳ ಫೀಸಿನ ತಿಂಗಳು ಕೊಂಚ ಜಾಸ್ತಿ.
ಈ ಊರಿನ ಯಾವುದೋ ಪರ್ಸಿನ ಮೂಲೆಯಲ್ಲಿ
ನನ್ನ ಅಕ್ಷರ ಇನ್ನೂ ಬಾಕಿಯಿದೆ.
ಆ ಕಂತಿನ ಮಿಕ್ಕರ್ಧ ನಾನು ಕೇಳಿಲ್ಲ.
ನೀನು ಕೇಳಿ ಹೇಳು,
ಕೊನೆಗೆ ಸಾಲ ಏನಾಗುತ್ತದೆ ಅಂತ.

ಆದರೆ ಇವತ್ತು ಏನೂ ಹಾಕಬೇಡ, ಮೊದಲ ದಿನ.
ಮೆಷಿನ್ನನ್ನೇ ಕೇಳು, ಹೆದರಬೇಡ.
ಮನೆ ಬಿಟ್ಟ ನಿನ್ನದೇ ರಕ್ತ
ಟ್ರಿಪ್ಪು ಮುಗಿಸಿ ಡಿಪೋಗೆ ಬರುವ ಸದ್ದು ಅದು.

ಹಾಂ, ಗುರುವಾರ ಬರುವಾಗ ಚಾರ್ಜರ್ ತಾ.
ನಿನ್ನ ಮಂಚದ ಪ್ಲಗ್ ಕೆಲಸ ಮಾಡುತ್ತೆ.
ನನ್ನದು ಸತ್ತು ತಿಂಗಳಾಯಿತು.