ಹಿಮ್ಮಡಿಗೆ ಬಿಟ್ಟ ಬಾಯಿ

ಬೆರಳ ತುದಿಯಿಂದಲೇ ಶುರು, ನಮ್ಮಲ್ಲಿ.
ಆರು ಕುಣಿಕೆಯ ಒಂದು ಉಂಗುರ,
ಅದರ ಮೇಲೆ ಸುತ್ತು, ಸುತ್ತಿನ ಮೇಲೆ ಸುತ್ತು,
ಕೆಂಪು, ಹಸಿರು, ಮತ್ತೆ ಕೆಂಪು,
ನಡುನಡುವೆ ಬಿಳಿಯಲ್ಲಿ ಟಗರಿನ ಕೊಂಬು.
ಹಿಮ್ಮಡಿ ಬರುವಲ್ಲಿ ಅರ್ಧ ಸುತ್ತು ಹಾರಿಸಬೇಕು:
ಬರೀ ಸರಪಳಿ, ಗಾಳಿಗೆ ಹಾಸಿದ ಕಾಲುಸಂಕ.
ಆಮೇಲೆ ಏನೂ ಆಗದವಳ ಹಾಗೆ
ಮೊಣಕಾಲತನಕ ಹೆಣೆಯುತ್ತ ಹೋಗಬೇಕು.
ಹಿಮ್ಮಡಿ ಕೊನೆಗೆ.
ಹಿಮ್ಮಡಿಗೆ ಕಾಲೇ ಬೇಕು. ಅಂದಾಜು ನಡೆಯದು.

ಈ ಜೋಡಿ ಹೆಣೆದು ಎರಡು ಚಳಿಗಾಲವಾಯಿತು.
ನಡುಗಂಬದ ಮೊಳೆಗೆ ನೇತುಬಿದ್ದಿವೆ, ಬಾಯಿ ತೆರೆದು.
'ಅವು ಏನು ಕೇಳ್ತಿವೆ ಅಮ್ಮಾ?' ಅನ್ನುತ್ತಾಳೆ ಮಿಜ್ಗೋನಾ.
ಅಳತೆ, ಅನ್ನುತ್ತೇನೆ.

ಅಕ್ಕನ ಮಗನಿಗೆ ಅವು. ಅಕ್ಕ ಆಚೆ ದಡ.
ಸೇತುವೆಯ ಶನಿವಾರದ ಸಂತೆಗೆ
ಜೀರಿಗೆ ಮಾರಲು ಬಂದವನ ಕೈಹಿಡಿದು ಹೋದಳು,
ಆಗ ಸಂತೆಯಿತ್ತು.
ಪಂಜ್ ಹೊಳೆ ಇಲ್ಲಿ ಅಷ್ಟೇನೂ ಅಗಲವಿಲ್ಲ.
ಅವಳ ಒಲೆಯ ಹೊಗೆ ಕಾಣುತ್ತದೆ, ಕತ್ತೆ ಕಾಣುತ್ತದೆ,
ಒಣಹಾಕಿದ ಬಟ್ಟೆ ಎಣಿಸಬಹುದು.
ಗೇಟಿಗೆ ಬೀಗ. ಬೀಗದ ಮುಂದೆ
ಹತ್ತಿಸೀಮೆಯಿಂದ ಬಂದ ಪಹರೆ ಹುಡುಗ,
ಚಳಿಗೆ ಬೂಟು ಕುಟ್ಟುತ್ತ.

ನಿನ್ನೆ ಹೊಳೆ ಇಳಿದಿತ್ತು. ನಾವೂ ಇಳಿದೆವು.
ಕಾಲುಚೀಲ ಕೈಗೆ ತೊಟ್ಟು ಬೀಸಿದೆ,
ಬಿಟ್ಟ ಬಾಯಿಂದ ಹೆಬ್ಬೆರಳು ಹೊರಗೆ.
ಅಕ್ಕನಿಗೆ ತಿಳಿಯಿತು. ಕೂಗಿದಳು;
ಮಾತನ್ನು ನೀರು ನುಂಗಿತು.
ಮಗನನ್ನು ಮುಂದೆ ತಳ್ಳಿ
ಅವನ ಕೈ ಮಡಚಿ ಎತ್ತಿಸಿದಳು: ಮುಷ್ಟಿ.
ಮುಷ್ಟಿಯ ಸುತ್ತಳತೆಯೇ ಪಾದದ ಉದ್ದ,
ಅಜ್ಜಿ ಶಕರ್ಮೋಳ ಲೆಕ್ಕ.

ಎತ್ತಿದ ಮುಷ್ಟಿ ಕಂಡು ಪಹರೆ ಹುಡುಗ ಎದ್ದು ನಿಂತ.
ಬಂದೂಕು ಭುಜದಿಂದ ಇಳಿಯಿತು.
ನಾನು ಕಾಲುಚೀಲ ತೋರಿಸಿದೆ, ಹಿಮ್ಮಡಿ ಮುಟ್ಟಿಕೊಂಡೆ,
ಆಚೆಗೆ ಬೆರಳು ಮಾಡಿದೆ.
ಅವನ ಊರಲ್ಲೂ ಯಾರೋ ಹೀಗೆ ಅಳೆಯುತ್ತಾರೋ ಏನೋ,
ನಕ್ಕ.

ಮಿಜ್ಗೋನಾ ತನ್ನ ಮುಷ್ಟಿ ಎತ್ತಿದಳು.
ಆಚೆಯಿಂದ ತಲೆ ಅಡ್ಡಡ್ಡ: ಸಣ್ಣದು.
ಹುಡುಗ ಕೈಗವಸು ಕಳಚಿ ತನ್ನದನ್ನು ಎತ್ತಿದ.
ಅಯ್ಯೋ, ದೊಡ್ಡದು.
ಆಮೇಲೆ ನಾನು.
ಅಕ್ಕ ನಿಂತು ನೋಡಿದಳು, ತಲೆ ಕುಣಿಸಿದಳು, ಕುಣಿಸಿದಳು.
ಅವಳಿಗೆ ನನ್ನ ಮುಷ್ಟಿ ಗೊತ್ತಿಲ್ಲದೆ ಏನು,
ಎಷ್ಟು ಗುದ್ದು ತಿಂದವಳು.

ರಾತ್ರಿ ಉಪ್ಪುಚಹಾ ಒಲೆಯ ಮೇಲಿಟ್ಟು
ಸೈಕಲ್ ಕಡ್ಡಿ ತಿಕ್ಕಿ ಮಾಡಿದ ಕೊಕ್ಕೆ ಹಿಡಿದೆ.
ಮೇಲಿನಂಚಿಂದ ಇಪ್ಪತ್ತೊಂದು ಕಣ್ಣು,
ಕೆಳಗಿನಂಚಿಂದ ಇಪ್ಪತ್ತೊಂದು.
ಎರಡು ಸುತ್ತು ಸುಮ್ಮನೆ. ಮೂರನೆಯದರಿಂದ
ಎರಡೂ ಪಕ್ಕೆಯಲ್ಲಿ, ಎರಡು ಕಣ್ಣು ಸೇರಿಸಿ ಒಂದು,
ಎರಡು ಸೇರಿಸಿ ಒಂದು.
ಬಾಯಿ ಕಿರಿದಾಗುತ್ತ ಬಟ್ಟಲಾಯಿತು.
ಒಳಗೆ ನನ್ನದೇ ಮುಷ್ಟಿ ತೂರಿಸಿ ನೋಡಿದೆ;
ಹನ್ನೆರಡು ವರ್ಷದ ಹುಡುಗನ ಕಾಲು
ನನ್ನ ಕೈಯಲ್ಲಿ ಕೂತಿತ್ತು, ಬೆಚ್ಚಗೆ.

ಉಳಿದದ್ದು ಹೊಲಿಗೆ.
ಹೊಲಿಗೆ ಒಳಗಿರಬೇಕು, ಅಂದ ಕಾಣಬೇಕು:
ಇದು ಅಕ್ಕ.
ಹೊರಗಿರಲಿ, ಒಳಗಾದರೆ ಬೊಬ್ಬೆ ಏಳುತ್ತದೆ:
ಇದು ನಾನು.
ಈ ಜಗಳಕ್ಕೇ ಆಗ ಗುದ್ದಾಟ.
ಅಜ್ಜಿ ಒಣ ಹಿಪ್ಪುನೇರಳೆ ಚೀಪುತ್ತ ಹೇಳಿದ್ದು ಇಷ್ಟೇ:
ಹೊಲಿದು ಮುಗಿಸಿರೇ, ಉಳಿದದ್ದು ಕಾಲು ಹೇಳುತ್ತೆ.

ಎಡಗಾಲಿನದನ್ನು ಒಳಮಗ್ಗುಲಿಂದ ಹೊಲಿದೆ, ಅವಳ ಹಾಗೆ.
ಬಲಗಾಲಿನದು ನನ್ನ ಹಾಗೆ,
ಹೊರಗೆ, ಹುಬ್ಬಿನಂತೆ ಎದ್ದ ಒಂದು ಗೆರೆ.
ಹುಡುಗನೇ ಹೇಳಲಿ.

ಮತ್ತೆ ಅದೇ ಮೊಳೆಗೆ ಸಿಕ್ಕಿಸಿದ್ದೇನೆ.
ಬಾಯಿ ಮುಚ್ಚಿದ ಮೇಲೆ
ಯಾರದೋ ಕಾಲಿನ ಹಾಗೇ ಕಾಣುತ್ತವೆ, ಗಾಳಿಯಲ್ಲಿ ನಿಂತ ಕಾಲು.
ದಾರದ ತುದಿ ಕತ್ತರಿಸಿಲ್ಲ.
ಗೇಣುದ್ದ ಬಿಟ್ಟು ಒಳಗೆ ಮಡಚಿಟ್ಟಿದ್ದೇನೆ.
ಬೀಗ ತೆಗೆಯುವುದು ಇನ್ನೂ ತಡವಾದರೆ
ಎಳೆದು ಬಿಚ್ಚಬೇಕು;
ಅಷ್ಟರಲ್ಲಿ ನನ್ನ ಮುಷ್ಟಿ ಸಾಲುವುದಿಲ್ಲ.